ಬರೀ ದ್ರಾವಕದ ನಳಿಕೆ

ಜೀವಕೋಶದ ಸುತ್ತಲಿನ ಎರಡು ಪದರದ ಕೊಬ್ಬಿನ ಪೊರೆಯನ್ನು ದ್ರಾವಕಗಳು ಹೇಗೆ ಸಡಿಲಿಸುತ್ತವೆ ಎಂಬುದನ್ನು ಮೂವತ್ತೊಂದು ವರ್ಷ ಶ್ರದ್ಧೆಯಿಂದ ಅಧ್ಯಯನ ಮಾಡಿದ ಡಾ. ಉಮ್ಮೆ ಕುಲ್ಸುಂ ಅವರು ಹಲಸೂರಿನ ನಮ್ಮ ಕಾಲೇಜಿನಿಂದ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಸಹ ಪ್ರಾಧ್ಯಾಪಕರಾಗಿಯೇ ಹೊರಡುತ್ತಿದ್ದಾರೆ. ಪ್ರಾಧ್ಯಾಪಕ ಹುದ್ದೆಯನ್ನು ಅವರಿಗೆ ಕೊಡಲಿಲ್ಲ. ಅವರ ಅಭಿನಂದನ ಗ್ರಂಥಕ್ಕೆ "ಸವಿನೆನಪುಗಳನ್ನಷ್ಟೇ ಬರೆಯಿರಿ" ಎಂದು ಸಂಪಾದಕ ಸಮಿತಿ ನನಗೆ ಪತ್ರ ಕಳಿಸಿದೆ. ಓದಿ ಮೈ ಉರಿಯಿತು.

ನಾನು ಅವರ ಬಳಿ ಸಂಶೋಧನೆಗೆ ಸೇರಿದ್ದು ೨೦೧೪ರಲ್ಲಿ. ಯಾದಗಿರಿ ಕಡೆಯಿಂದ ಬಂದ ನಮ್ಮಪ್ಪ ಪೀರಪ್ಪ ಗರುಡಾಚಾರ್‌ಪಾಳ್ಯದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ನಮ್ಮ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಓದಲು ಜಾಗವಿಲ್ಲವೆಂದು ತಿಳಿದ ಮೇಡಂ, ಪ್ರಯೋಗಾಲಯದ ಬೀಗದ ಕೈಯನ್ನೇ ನನಗೆ ಕೊಟ್ಟರು. ರಂಜಾನಿನಲ್ಲಿ ತಾವು ಉಪವಾಸವಿದ್ದು ನನಗೆ ಊಟದ ಡಬ್ಬಿ ತರುತ್ತಿದ್ದರು.

ಎರಡು ವರ್ಷದ ನಂತರ, ತಮ್ಮ ಗಿಡಮೂಲಿಕೆಯ ಸಾರವೊಂದು ಪೊರೆಯನ್ನು ಒಡೆಯುತ್ತದೆಂದು ಸಾರಲು ವಿಭಾಗದ ಮುಖ್ಯಸ್ಥರು ಪತ್ರಿಕಾಗೋಷ್ಠಿ ಗೊತ್ತುಮಾಡಿದರು. ಪ್ರಯೋಗ ಮಾಡಿಕೊಟ್ಟವನು ನಾನು. ಜೀವಕೋಶದ ಪೊರೆಯ ಮಾದರಿಯಾಗಿ ಬಳಸುವ, ಬಣ್ಣ ತುಂಬಿದ ಕೊಬ್ಬಿನ ಗುಳ್ಳೆಗಳಿಗೆ ಆಲ್ಕೋಹಾಲಿನಲ್ಲಿ ಕರಗಿಸಿದ ಸಾರ ಹಾಕಿದ್ದೆ, ಬಣ್ಣ ಸೋರಿತ್ತು. ಗೋಷ್ಠಿಯ ಹಿಂದಿನ ದಿನ ಮೇಡಂ ನನ್ನ ದಾಖಲೆ ಪುಸ್ತಕ ತಿರುವಿಹಾಕಿದರು.

"ಬರೀ ಆಲ್ಕೋಹಾಲ್ ಹಾಕಿರೋ ಟ್ಯೂಬ್ ಎಲ್ಲಿ ಭೀಮು?"

"ಇಟ್ಟಿಲ್ಲ ಮೇಡಂ."

"ಈಗ ಇಡಪ್ಪ, ನೋಡೋಣ."

ಇಟ್ಟೆವು. ಸಾರವಿಲ್ಲದೆಯೂ ಬಣ್ಣ ಅಷ್ಟೇ ಸೋರಿತು. ಕೊಬ್ಬಿನ ಕಣಗಳ ನಡುವೆ ನುಸುಳಿ ಪೊರೆಯನ್ನು ತೆಳುವಾಗಿಸಿದ್ದು ಆಲ್ಕೋಹಾಲು. ಮುಖ್ಯಸ್ಥರ ಗಿಡಕ್ಕೆ ಅದರಲ್ಲಿ ಪಾಲೇ ಇರಲಿಲ್ಲ. ಮೇಡಂ ಅಂದೇ ಅವರಿಗೆ ತಿಳಿಸಿದರು.

ಗೋಷ್ಠಿ ರದ್ದಾಯಿತು, ಪ್ರಯೋಗದ ಲೋಪ ಯಾರದೆಂದು ವಿಚಾರಣೆ ಶುರುವಾಯಿತು. ನನ್ನ ಫೆಲೋಶಿಪ್ ಹೋದೀತೆಂದು ಮೇಡಂ "ಮೇಲ್ವಿಚಾರಣೆ ನನ್ನದು, ತಪ್ಪೂ ನನ್ನದೇ" ಎಂದು ಬರೆದುಕೊಟ್ಟರು. ಆ ಒಂದು ಸಾಲನ್ನು ಹಿಡಿದುಕೊಂಡು ಮುಖ್ಯಸ್ಥರು ಅವರ ಬಡ್ತಿಯನ್ನು ಮೂರು ಸಲ ತಡೆದರು. ನಾಚಿಕೆಗೇಡು. ಅದೇ ಮಹನೀಯರು ಈ ಗ್ರಂಥಕ್ಕೆ ಮುನ್ನುಡಿ ಬರೆದಿದ್ದಾರೆ. ನನಗೆ ಬಂದ ಕರಡಿನಲ್ಲಿ ಮೇಡಂ ಅವರನ್ನು 'ಹೊಂದಿಕೊಳ್ಳದ, ಆದರೆ ಪ್ರಾಮಾಣಿಕ' ವ್ಯಕ್ತಿ ಎಂದು ಹೊಗಳಿದಂತೆ ಚುಚ್ಚಿದ್ದಾರೆ. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲೆ ನನಗಿರುವ ಸಿಟ್ಟು ದೊಡ್ಡದು. ವಿಚಾರಣೆಯ ದಿನ ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಹೋಗಲಿಲ್ಲ.

ಮೇಡಂ ಇನ್ನು ಲಿಂಗರಾಜಪುರದ ತಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಪ್ರಯೋಗ ಕಲಿಸುತ್ತಾರಂತೆ. ಅವರು ನೂರ್ಕಾಲ ಆರೋಗ್ಯವಾಗಿರಲಿ, ಆ ಮಕ್ಕಳಿಗೂ ಅದೇ ಪ್ರಶ್ನೆ ಕೇಳುತ್ತಿರಲಿ. ಅಂದು ಆ ನಳಿಕೆಯನ್ನು ಇಡದೆ ಬಿಟ್ಟವನು ನಾನು, ಪೀರಪ್ಪನವರ ಮಗ ಭೀಮು. ಸಮಿತಿಗೆ ಈ ಸಾಲು ಬೇಡವಾದರೆ ಲೇಖನವನ್ನೇ ಕೈಬಿಡಲಿ.