ಹೆಜ್ಜೆ ಕಾಯುವ ಚುಕ್ಕಿ ಸಿಸ್ಟರ್

ಬೆಳಕು ಇನ್ನೂ ಕಿಟಕಿಯ ಅಂಚು ಮುಟ್ಟಿಲ್ಲ, ಚುಕ್ಕಿ ಸಿಸ್ಟರ್ ಆಗಲೇ ಕುರ್ಚಿಯ ತುದಿಗೆ ಬಂದಿದ್ದಾರೆ. ಎದುರಿನ ಆಸ್ಪತ್ರೆ ಕಂಪ್ಯೂಟರಿನ ಪರದೆಯ ತುಂಬ ಬೂದು ಚುಕ್ಕಿಗಳು. ಒಂದೊಂದೂ ಊರಿನ ಯಾವುದೋ ಮನೆಯಲ್ಲಿ ಆಪರೇಷನ್‌ಗೆ ಕಾದಿರುವ, ಇಲ್ಲವೇ ಅದನ್ನು ಮುಗಿಸಿಕೊಂಡು ಮಲಗಿರುವ ಜೀವ. ಆ ರೋಗಿ ಫೋನನ್ನು ಜೇಬಿಗಿಳಿಸಿ ನಡೆದರೆ ಅವರ ಚುಕ್ಕಿ ಹಸಿರಾಗುತ್ತದೆ.

"ಎದ್ರು! ಮಂಡಿ ಆಪರೇಷನ್ ಅಜ್ಜಿ ಎದ್ರು!" ಸಿಸ್ಟರ್ ಮೇಜು ಬಡಿಯುತ್ತಾರೆ.

"ಮ್ಯಾಚ್ ನೋಡ್ತಿದ್ದೀಯೇನೇ ತಾಯಿ?" ಪಕ್ಕದ ಕೋಣೆಯಲ್ಲಿ ಹೊದಿಕೆ ಮಡಚುತ್ತಿರುವ ಆಯಾ ಕೂಗುತ್ತಾಳೆ.

ಇವತ್ತಿನ ಮ್ಯಾಚು ಒಂದೇ ಚುಕ್ಕಿಯದು. ಬಸ್ ಡ್ರೈವರೊಬ್ಬರ ಹೊಟ್ಟೆಯ ಗೆಡ್ಡೆ ತೆಗೆದು ಮನೆಗೆ ಕಳಿಸಿದ್ದಾರೆ. ಮನೆ ಮೂರನೇ ಮಹಡಿ. ಅವರು ಇವತ್ತು ಮೊದಲ ಸಲ ಮೆಟ್ಟಿಲಿಳಿದು ಬೀದಿಗೆ ಬರಬೇಕು. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮತ್ತೆ ಆಂಬುಲೆನ್ಸ್ ಹತ್ತಬೇಕಾದೀತು.

ಸಿಸ್ಟರ್ ಬಹುಕಾಲ ಆಪರೇಷನ್ ಥಿಯೇಟರಿನಲ್ಲಿ ನಿಂತೇ ದುಡಿದವರು. ಬೆನ್ನು ಕೈಕೊಟ್ಟಾಗ ಅವರನ್ನು ತಂದು ಈ ಗೂಡಿನಂಥ ಕೋಣೆಯಲ್ಲಿ, ರೋಗಿಗಳ ಹೆಜ್ಜೆ ಎಣಿಸುವ ಆ್ಯಪ್ ಮುಂದೆ ಕೂರಿಸಿದರು. "ಮೂಲೆಗೆ ತಳ್ಳಿದ್ರು ಅಂತ ಅತ್ತಿದ್ದೆ. ಅಲ್ಲಿ ನನಗೆ ಕಾಣ್ತಿದ್ದದ್ದು ಹಸಿರು ಬಟ್ಟೆ, ನಡುವೆ ಗೇಣಗಲ ಹೊಟ್ಟೆ. ಇಲ್ಲಿ ಪೂರ್ತಿ ಮನುಷ್ಯ ಸಿಗ್ತಾನೆ, ಅವನ ಸುಳ್ಳಿನ ಸಮೇತ."

ಸುಳ್ಳಿಗೇನೂ ಬರವಿಲ್ಲ. ನೋವೆಷ್ಟು ಎಂದು ಆ್ಯಪ್ ಕೇಳಿದರೆ ಹೆಚ್ಚಿನವರು ಒತ್ತುವುದು ನಗುವ ಮುಖವನ್ನೇ. "ಹೇಗಿದ್ದೀರಾ ಅಂದ್ರೆ ಚೆನ್ನಾಗಿದ್ದೀನಿ ಅನ್ನೋದು ಬಾಯಿಪಾಠ. ಯಂತ್ರಕ್ಕೂ ಮರ್ಯಾದೆ ಕೊಡ್ತಾರೆ!" ಹಾಗಾಗಿ ದಿನಕ್ಕೆ ನಲವತ್ತು ಜನಕ್ಕಾದರೂ ಫೋನ್ ಮಾಡಿ, ಮಾತಿನ ಹಿಂದಿನ ಉಸಿರು ಕೇಳಿಸಿಕೊಳ್ಳುತ್ತಾರೆ.

ಡ್ರೈವರ್ ಕತೆಯೂ ಹಾಗೆ ಹೊರಬಿದ್ದದ್ದೇ. ಆಪರೇಷನ್‌ಗೆ ಮೊದಲು ದಿನಾ ನಡೆದು ಉಸಿರು ಗಟ್ಟಿ ಮಾಡಿಕೊಳ್ಳಿ ಎಂದು ಅರಿವಳಿಕೆ ವೈದ್ಯರು ಹೇಳಿದ್ದರು. ವಾರವಿಡೀ ಚುಕ್ಕಿ ಮಿಸುಕಲಿಲ್ಲ. ಆಮೇಲೊಂದು ಬೆಳಗ್ಗೆ ಕುದುರೆಯಂತೆ ಓಡತೊಡಗಿತು, ಮರುದಿನವೂ ಅಷ್ಟೇ. ಹಿಗ್ಗಿದ ಸಿಸ್ಟರ್ ಶಹಬ್ಬಾಸ್ ಹೇಳಲು ಫೋನ್ ಮಾಡಿದರು. ಎತ್ತಿದ್ದು ಹೆಂಡತಿ. ಏದುಸಿರು, ಹಿಂದೆ ಬಾಟಲಿಗಳ ಸದ್ದು.

"ಅಣ್ಣ ಎಲ್ಲಿ, ಅಕ್ಕಾ?"

"ಮಲಗಿದ್ದಾರೆ ಸಿಸ್ಟರ್. ನಾನು ಮನೆಮನೆಗೆ ಹಾಲು ಹಾಕ್ತಿದ್ದೀನಿ. ಹೆಜ್ಜೆ ಕಡಿಮೆಯಾದ್ರೆ ಆಪರೇಷನ್ ಇಲ್ಲ ಅಂತೀರೇನೋ ಅಂತ ಅವರ ಫೋನ್ ಸೊಂಟಕ್ಕೆ ಸಿಕ್ಕಿಸ್ಕೊಂಡೆ."

"ಹಾಗಾದ್ರೆ ಆಪರೇಷನ್ನೂ ನೀವೇ ಮಾಡಿಸ್ಕೊಳ್ತೀರಾ?"

ಆ ಕಡೆ ಅಳು. ಸಿಸ್ಟರ್ ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿದರು. ಆಪರೇಷನ್ ಎರಡು ವಾರ ಮುಂದೆ ಹೋಯಿತು. ಹೆಂಡತಿ ಶಾಪ ಹಾಕಿದಳು, ಆದರೆ ಮರುದಿನದಿಂದ ಗಂಡನನ್ನೂ ಹಾಲಿನ ದಾರಿಗೆ ಎಳೆದಳು. "ಬೈಗುಳ ಇರಲಿ, ಸಿಹಿನಿದ್ದೆ ಬಂತು," ಎನ್ನುತ್ತಾರೆ ಸಿಸ್ಟರ್. "ಕಡ ತಂದ ಹೆಜ್ಜೆ ನಂಬಿ ಅವರನ್ನ ಟೇಬಲ್ ಮೇಲೆ ಮಲಗಿಸಿದ್ದಿದ್ರೆ?"

ಈಗ ಡ್ರೈವರ್ ಚುಕ್ಕಿ ಹಸಿರಾಗುತ್ತದೆ! ಸಿಸ್ಟರ್ ಬೆನ್ನುನೋವು ಮರೆತು ಎದ್ದು ನಿಲ್ಲುತ್ತಾರೆ. ನಾಲ್ಕು ಹೆಜ್ಜೆ. ಬಿಡುವು. ಆರು. ಆಯಾ ಹೊದಿಕೆ ಹಿಡಿದೇ ಒಳಗೆ ಬರುತ್ತಾಳೆ. ಇನ್ನೆರಡು ಹೆಜ್ಜೆ. ಆಮೇಲೆ ಏನೂ ಇಲ್ಲ. ಕಾದರೂ ಇಲ್ಲ. ಆಯಾ ತಡೆಯಲಾರದೆ, "ಮಾಡೇ ಫೋನು!" ಎನ್ನುತ್ತಾಳೆ. ರಿಂಗ್ ಹೋಗುತ್ತಿದೆ, ಹೋಗುತ್ತಲೇ ಇದೆ.

ಕೊನೆಗೆ ಗಂಡಸಿನ ದನಿ, ತುಂಡು ತುಂಡಾಗಿ: "ಮೆಟ್ಟಿಲ ಮೇಲೆ... ಕೂತಿದ್ದೀನಿ ಸಿಸ್ಟರ್. ಸುಧಾರಿಸ್ಕೊಂಡು ಇಳೀತೀನಿ. ಇವತ್ತು ಫೋನಿಗೆ ಬದಲಿ ಡ್ರೈವರ್ ಇಲ್ಲ, ನಡೀತಿರೋದು ನಾನೇ."

ಹಿಂದಿನಿಂದ ಹೆಂಡತಿ: "ಫೋನಿಡಿ, ಮಾತಾಡಿದ್ರೆ ಹೆಜ್ಜೆ ಲೆಕ್ಕ ಏರಲ್ಲ!"

ಸಿಸ್ಟರ್ ನಗುತ್ತಾ ಕುಸಿದು ಕೂರುತ್ತಾರೆ. ಪರದೆಯ ಮೇಲೆ ಏಳು ಹೆಜ್ಜೆ, ಬಿಡುವು, ಮತ್ತೆ ಒಂಬತ್ತು. ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಕಣ್ಣು ಅತ್ತಿತ್ತ ಸರಿಸದೆ ಹೇಳುತ್ತಾರೆ: "ನನಗಾ? ಈ ಡ್ರೈವರ್ ಮುಖಾನೇ ನೋಡಿಲ್ಲ ನಾನು. ಡ್ಯೂಟಿಗೆ ಹೋಗೋಕೆ ಶುರು ಮಾಡಿದ ಮೇಲೆ ಒಂದ್ಸಲ ಅವರ ಬಸ್ ಹತ್ತಬೇಕು. ನಾನ್ಯಾರು ಅಂತ ಹೇಳಲ್ಲ. ಟಿಕೆಟ್ ತಗೊಂಡು, ಮುಂದಿನ ಸ್ಟಾಪಲ್ಲಿ ಇಳಿದುಬಿಡ್ತೀನಿ."