ಮೋರಿಯ ಡಬ್ಬಿ

ಘಾಟಬೋರಾಳ ಊರಿನ ಆಚೆ, ರೈಲು ಮಾರ್ಗ ಕಟ್ಟುವಾಗ ಜಲ್ಲಿಕಲ್ಲು ಸಾಗಿಸಲೆಂದು ಹಾಕಿದ ಹಳಿಯೊಂದಿದೆ. ಕೆಲಸ ಮುಗಿದ ಮೇಲೆ ಕೀಳುವುದನ್ನು ಮರೆತರು. ಈಗ ಅದರ ಮೇಲೆ ಓಡುವುದು ಸಖುಬಾಯಿಯ ಹನ್ನೊಂದು ಆಡುಗಳು, ಅವೂ ರೈಲಿಗಿಂತ ಸರಿಯಾದ ಸಮಯಕ್ಕೆ. ಈ ವಿಧವೆಯ ಕಣ್ಣು ಎಷ್ಟು ಚುರುಕೆಂದರೆ, ಹುಮನಾಬಾದಿನಲ್ಲಿ ಯಾರಾದರೂ ಸೊಪ್ಪು ಕೊಯ್ದರೆ ಮೆಂತ್ಯವೋ ಪುಂಡಿಯೋ ಇಲ್ಲಿಂದಲೇ ಹೇಳಬಲ್ಲಳು. ಅಂಥವಳ ಕಣ್ಣು ತಪ್ಪಿಸಿ ಹಳಿಯ ಕೆಳಗಿನ ಮೋರಿಯಲ್ಲಿ ಡಬ್ಬಿ ಬಚ್ಚಿಡಲಾದೀತೇ?

ಇಡುವಾಗ ಸಿಕ್ಕಿಬಿದ್ದವಳು ಬಸವಕಲ್ಯಾಣದ ಕಾಲೇಜಿನಲ್ಲಿ ಪಾಠ ಹೇಳುವ ರೂಪಾಲಿ.

"ಇದು ಆಟ, ಆಯಿ. ಜಾಗಾ ಫೋನಿನ್ಯಾಗ ಹಾಕಿರ್ತೇವಿ. ದೂರದವ್ರು ಹುಡುಕ್ಕೊಂಡು ಬರ್ತಾರ, ವಹಿಯೊಳಗ ಹೆಸರು ಬರೀತಾರ, ಗುರುತಿಗೆ ಏನರೆ ಸಣ್ಣ ಸಾಮಾನು ಹಾಕ್ತಾರ, ಡಬ್ಬಿ ಮತ್ತ ಇಲ್ಲೇ ಇಟ್ಟು ಹೋಗ್ತಾರ. ಯಾರ ಮುಂದೂ ಹೇಳಬ್ಯಾಡ."

"ಹೊಟ್ಟಿ ತುಂಬಿದವ್ರ ಆಟ ಬಿಡವ್ವಾ," ಎಂದಳು ಸಖುಬಾಯಿ. ಆದರೂ ಮಾತು ಕೊಟ್ಟಳು. ಮಳೆಗಾಲವಿಡೀ ಡಬ್ಬಿ ಕೊಚ್ಚಿ ಹೋಗದಂತೆ ಕಾದಳು.

ಚಳಿಗಾಲದಲ್ಲಿ ಊರಿನ ರೈತ ತುಳಜಾರಾಮನ ಎಮ್ಮೆ ಹಾಲು ನಿಲ್ಲಿಸಿತು. ಅವನ ಪ್ರಕಾರ ಅದು ಹೊಳೆಯಂತೆ ಕರೆಯುತ್ತಿತ್ತು. ಉಳಿದವರ ಪ್ರಕಾರ ಅವನ ಚಹಾಕ್ಕೇ ಸಾಲುತ್ತಿರಲಿಲ್ಲ. ಅದನ್ನು ಅಟ್ಟಿಕೊಂಡು ಮೋರಿಗೆ ಇಳಿದವನಿಗೆ ಡಬ್ಬಿ ಸಿಕ್ಕಿತು. ಒಳಗೆ ಬಟ್ಟೆಯ ಗೊಂಬೆ, ಕೆಂಪು ದಾರ, ವಹಿಯಲ್ಲಿ ನಲವತ್ತು ಅಪರಿಚಿತ ಹೆಸರು. ಬಾನಾಮತಿ ಮಾಟವೆನ್ನಲು ಊರಿಗೆ ಇನ್ನೇನು ಬೇಕು? ದಿನಾ ಅಲ್ಲಿರುವವಳು ಸಖುಬಾಯಿ.

ಡಬ್ಬಿಯನ್ನು ಸುಟ್ಟರು. ಸಖುಬಾಯಿ ಕೊಟ್ಟ ಮಾತು ಮುರಿದು ಇದ್ದದ್ದನ್ನು ಇದ್ದಂತೆ ಹೇಳಿದಳು.

"ಪುಣೆದಿಂದ ಪೆಟ್ರೋಲ್ ಸುಟ್ಟು ಬಂದು, ಮೋರಿಯೊಳಗ ತೆವಳಿ, ಹೆಸರು ಬರದು, ಖಾಲಿ ಕೈಲೆ ಹೋಗ್ತಾರಾ?" ತುಳಜಾರಾಮ ನಕ್ಕ. "ಸುಳ್ಳರೆ ನಂಬೂವಂಥದ್ದು ಹೇಳಬೇ!"

ಆ ವಾರವೇ ಎಳ್ಳ ಅಮಾವಾಸ್ಯೆ. ಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಉಣ್ಣಲು ದಾರಿಹೋಕರನ್ನೂ ಕೈಹಿಡಿದು ಹೊಲಕ್ಕೆ ಎಳೆಯುವ ದಿನ. ಹೊಲವಿಲ್ಲದ ಸಖುಬಾಯಿ ಪ್ರತಿ ವರ್ಷ ಏಳು ಹೊಲಗಳಲ್ಲಿ ಉಂಡು, ಸಂಕ್ರಾಂತಿಯ ತನಕ ಒಲೆ ಹಚ್ಚುತ್ತಿರಲಿಲ್ಲ. ಈ ಸಲ ಹಳಿಯ ಮೇಲೆ ಕೂತು ಕಾದಳು. ಒಬ್ಬರೂ ಕೂಗಲಿಲ್ಲ.

ಡಬ್ಬಿ ಕಾಣೆಯೆಂದು ಫೋನಿನಲ್ಲಿ ಓದಿ ಅಂದೇ ಹೊಸದನ್ನು ಹಿಡಿದು ಬಂದ ರೂಪಾಲಿ, ಸಖುಬಾಯಿಯಿಂದ ಸುದ್ದಿ ಕೇಳಿ ಸೀದಾ ತುಳಜಾರಾಮನ ಹೊಲಕ್ಕೆ ಹೋಗಿ ಫೋನು ತೋರಿಸಿದಳು. ಅವನು ತಲೆಯಾಡಿಸಿದ.

"ಆಟನೇ ಅಂತ ಒಪ್ಪಿದೆರಿ, ಮೇಡಂ. ಆದ್ರ ನನ್ನ ಎಮ್ಮಿ ಆಟಕ್ಕ ಹಾಲು ನಿಲ್ಸ್ಯಾದೇನ್ರಿ? ಅದು ಬಿಡ್ರಿ, ಬರ್ರಿ, ಭಜ್ಜಿ ಉಣ್ರಿ."

ರೂಪಾಲಿ ಕೈ ಒರೆಸುತ್ತ ಹಳಿಗೆ ಮರಳಿದಳು. "ಎಲ್ಲಾ ತಿಳಿಸಿ ಹೇಳೇನಿ, ಆಯಿ. ಕೇಳ್ಕೊಂಡ್ರು."

"ಉಣ್ಣಾಕ ಕರದ್ರಾ?"

"ಹೂಂ, ಭಾಳ ಒತ್ತಾಯ ಮಾಡಿದ್ರು."

"ನನಗ?"

ರೂಪಾಲಿ ಫೋನು ನೋಡತೊಡಗಿದಳು. ಆಮೇಲೆ ಮೋರಿಗೆ ಇಳಿದು ಹೊಸ ಡಬ್ಬಿ ಇಟ್ಟು, "ನೋಡ್ಕೋತಿ ಅಲ್ಲಾ, ಆಯಿ?" ಎಂದು ಕಾರು ಹತ್ತಿದಳು.

ಹುಡುಕುವವರು ಈಗಲೂ ಬರುತ್ತಾರೆ. ಮಂಡಿ ಸವೆಯುವಷ್ಟು ತೆವಳಿ, ಕೊನೆಗೆ ಸಖುಬಾಯಿಯನ್ನೇ ಕೇಳುತ್ತಾರೆ.

"ಡಬ್ಬಿನಾ? ಇಲ್ಲಿ ಯಾರು ಏನು ಇಡ್ತಾರ್ರಿ!" ಎನ್ನುತ್ತ, ಅವಳು ಮೋರಿಯಿಂದ ತಂದಿಟ್ಟುಕೊಂಡ ಅದೇ ಹೊಸ ಡಬ್ಬಿಯ ಮುಚ್ಚಳ ತೆಗೆದು ಆಡುಗಳಿಗೆ ಉಪ್ಪು ನೆಕ್ಕಿಸುತ್ತಾಳೆ.