ಗುರುಲಿಂಗಮ್ಮ ಪಾಲು ಬಿಡಲಿಲ್ಲ

ಮುದಗಲ್ಲಿನ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಗುರುಲಿಂಗಮ್ಮನ ಬಾಗಿಲಿಗೆ ಸಿಂಧನೂರಿನಿಂದ ಅಣ್ಣ ಬಸವಂತರಾಯ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಜೊತೆಗೆ ಹೆಂಡತಿ, ಇಳಕಲ್ ಸೀರೆ, ಕೊಬ್ಬರಿ ಬಟ್ಟಲು. ಅತ್ತಿಗೆ ಉಡಿ ತುಂಬಿದಳು. ಗುರುಲಿಂಗಮ್ಮನಿಗೆ ಖುಷಿಯಾಗಿ ಕಣ್ಣು ತುಂಬಿತು.

ಚಹಾ ಕುಡಿದ ಮೇಲೆ ಅಣ್ಣ ಮಾತು ತೆಗೆದ.

"ಅಪ್ಪನ ಮನಿ ಮಾರಾಕತ್ತೀನಿ ತಂಗೀ. ರೈಸ್ ಮಿಲ್ಲಿನವ್ರು ಕೇಳ್ಯಾರ. ನೀ ಬಂದು ಒಂದು ಸಹಿ ಹಾಕು."

"ಏನಂತ?"

"ನಿನಗ ಪಾಲು ಬ್ಯಾಡಂತ. ಬರೇ ಕಾಗದದ ಕೆಲಸ."

ಅಪ್ಪ ಯಾರ ಹೆಸರಿಗೂ ಬರೆದಿಟ್ಟು ಹೋಗಿರಲಿಲ್ಲ. ಮಗಳ ಸಹಿ ಇಲ್ಲದೆ ಮನೆ ಮಾರುವಂತಿರಲಿಲ್ಲ. ಸಿಂಧನೂರಿನಲ್ಲಿ ಈಗ ಜಾಗದ ಬೆಲೆ ಕೇಳಿದವರು ಬಾಯಿ ಮೇಲೆ ಕೈ ಇಡುತ್ತಾರೆ. ಅದರಲ್ಲೂ ಅದು ಮುಖ್ಯ ರಸ್ತೆಯ ಮನೆ.

ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದಾಗ ಗುರುಲಿಂಗಮ್ಮ ಮಗಳು ಅಶ್ವಿನಿಯನ್ನು ಎತ್ತಿಕೊಂಡು ಅದೇ ಮನೆಗೆ ಹೋಗಿದ್ದಳು. ಮುಂದಿನ ಕೋಣೆ ಕೇಳಿದ್ದಳು. "ಜಾಗ ಇಲ್ಲ" ಎಂದ ಅಣ್ಣ, ಮರುವಾರವೇ ಅದನ್ನು ಗೊಬ್ಬರದಂಗಡಿಯವರಿಗೆ ಬಾಡಿಗೆ ಕೊಟ್ಟಿದ್ದ.

ಆದರೂ ಅವಳು ಸಹಿ ಹಾಕಲೆಂದೇ ಬಸ್ಸು ಹತ್ತಿದಳು. ತವರು ಅನ್ನುವುದೊಂದು ಉಳಿದರೆ ಸಾಕು ಅನಿಸಿತ್ತು.

ನೋಂದಣಿ ಕಚೇರಿಯ ವರಾಂಡದಲ್ಲಿ ಅತ್ತಿಗೆ, ಮನೆ ಕೊಳ್ಳುವವರ ಜೊತೆ ನಗುತ್ತಾ ಹೇಳುತ್ತಿದ್ದಳು: "ಆಕೀದೇನೂ ತಕರಾರಿಲ್ರೀ. ಒಂದು ಸೀರಿಗೇ ಕುಣ್ಯಾಕತ್ತಾಳ."

ಕಂಬದ ಮರೆಯಲ್ಲಿದ್ದ ಗುರುಲಿಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಅಧಿಕಾರಿ, "ಮನಸ್ಸಿನಿಂದ ಪಾಲು ಬಿಡ್ತೀರೇನಮ್ಮಾ?" ಎಂದು ಕೇಳಿದರು.

"ಇಲ್ರೀ ಸಾಹೇಬ್ರ. ಬಿಡಂಗಿಲ್ಲ."

ಬಸವಂತರಾಯ ಹಲ್ಲು ಕಚ್ಚಿದ. "ಏನ್ ಮಾತಾಡಾಕತ್ತೀಬೇ? ಇವತ್ತಿಗೆ ನಿನಗ ತವರಿನ ಬಾಗಿಲ ಮುಚ್ಚಿತು, ತಿಳ್ಕೊ."

"ತೆರೆದಿದ್ದು ಯಾವಾಗಣ್ಣಾ?" ಅವಳ ದನಿಗೆ ಕಚೇರಿಯೇ ತಿರುಗಿ ನೋಡಿತು. "ಗೊಬ್ಬರದ ಚೀಲಕ್ಕ ಜಾಗ ಇತ್ತು, ಹಸುಗೂಸಿಗೆ ಇರಲಿಲ್ಲ! ನಾನೂ ಅಪ್ಪನ ಮಗಳೇ. ಮಾರೋದಿದ್ರ ಇಬ್ಬರೂ ಕೂಡಿ ಮಾರೋಣು."

ಮಿಲ್ಲಿನವರು ಅಂದು ಎದ್ದು ಹೋದರು. ಆಮೇಲೆ ಬೀಗರು ಬಂದು ಬೈದರು, ಹಿರಿಯರು ಬಂದು ಬುದ್ಧಿ ಹೇಳಿದರು. ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸದೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಬೇಸಿಗೆ ಕಳೆಯುವ ಹೊತ್ತಿಗೆ ಅಣ್ಣ ಸೋತ. ಪಾಲು ಕೈಗೆ ಬಂದ ಮೇಲೆಯೇ ಅವಳು ಮಾರಾಟದ ಪತ್ರಕ್ಕೆ ಸಹಿ ಹಾಕಿದಳು.

ಸಿಂಧನೂರಿನಲ್ಲಿ ಆ ದುಡ್ಡಿಗೆ ಏನೂ ಸಿಗಲಿಲ್ಲ. ಅಶ್ವಿನಿ ಕಾಲೇಜಿಗೆ ಹೋಗುವ ಲಿಂಗಸುಗೂರಿನಲ್ಲಿ, ಹಿಂದಿನ ಓಣಿಯೊಂದರಲ್ಲಿ ಎರಡು ಕೋಣೆಯ ಹಳೆಯ ಮನೆ ಸಿಕ್ಕಿತು. ಗೃಹಪ್ರವೇಶಕ್ಕೆ ಅವಳೇ ಅಣ್ಣನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಊಟಕ್ಕೆ ಬಂದವರಿಗೆ ಬಡಿಸುವಾಗಲೂ ಅವಳ ಹುಬ್ಬು ಗಂಟಿಕ್ಕಿಯೇ ಇತ್ತು.

"ಸ್ವಂತ ಮನಿ ಆತು, ಖುಷಿ ಇಲ್ಲೇನವ್ವಾ?" ಎಂದಳು ಅಶ್ವಿನಿ.

"ಐತಿ," ಎಂದಳು ಗುರುಲಿಂಗಮ್ಮ. "ಸಿಟ್ಟೂ ಐತಿ." ಸಾರಿನ ಬಕೆಟ್ಟು ಹಿಡಿದು ಮುಂದಿನ ಪಂಕ್ತಿಗೆ ಹೋದಳು.